ಮಂಡಿಯ ಊತಕ್ಕೆ ಕಾಡು, ಕೊಟ್ಟಿಗೆಗಳ ಕಾರಣ

ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಮಂಡಿ ಊದಿದರೆ ವಾಯುವೆಂದೋ ವಯಸ್ಸಿನ ಸವೆತವೆಂದೋ ಬಗೆದು ಎಣ್ಣೆ ತಿಕ್ಕುವುದುಂಟು. ಆದರೆ ರೋಗಾಣುಗಳು ಕೀಲನ್ನೇ ಹೊಕ್ಕಾಗ, ಇಲ್ಲವೇ ಅವುಗಳ ವಿರುದ್ಧ ದೇಹ ಹೂಡಿದ ಪ್ರತಿರೋಧ ಕೀಲಿನತ್ತ ತಿರುಗಿದಾಗ ಉಂಟಾಗುವ ಸೋಂಕುಜನ್ಯ ಸಂಧಿವಾತದ ಸುಳಿವು ಎಷ್ಟೋ ವೇಳೆ ರೋಗಿಯ ಕಸುಬಿನಲ್ಲಿಯೇ ಇರುತ್ತದೆ.

ಬಂಡೀಪುರ ಮತ್ತು ನಾಗರಹೊಳೆ ಅರಣ್ಯ ಪ್ರದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 472 ಜನರ ರಕ್ತ ಪರೀಕ್ಷಿಸಿ, ಸುಮಾರು ಐವರಲ್ಲೊಬ್ಬರಲ್ಲಿ ಲೈಮ್ ರೋಗದ ಬೊರೇಲಿಯಾ ಬ್ಯಾಕ್ಟೀರಿಯಾಕ್ಕೆ ಎದುರಾದ ಪ್ರತಿಕಾಯಗಳನ್ನು, ಎಂದರೆ ಸೋಂಕನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳನ್ನು, ಗುರುತಿಸಿತು. 1970ರ ದಶಕದಲ್ಲಿ ಅಮೆರಿಕದ ಲೈಮ್ ಪಟ್ಟಣದ ಮಕ್ಕಳ ಕೀಲೂತದಿಂದ ಬೆಳಕಿಗೆ ಬಂದ ಈ ರೋಗ ಉಣ್ಣಿ ಕಡಿತದಿಂದ ಹರಡುತ್ತದೆ. ಕಚ್ಚಿದ ಜಾಗದ ಸುತ್ತ ಉಂಗುರದಂತೆ ಹಬ್ಬುವ ಕೆಂಪು ಮಚ್ಚೆ (ಕಪ್ಪು ಮೈಬಣ್ಣದವರಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ) ಮೊದಲು ಕಾಣಿಸಿಕೊಂಡು, ಚಿಕಿತ್ಸೆ ಸಿಗದಿದ್ದರೆ ತಿಂಗಳುಗಳ ಬಳಿಕ ಮಂಡಿ ಊದಿಕೊಳ್ಳುತ್ತದೆ, ಆಗ ನೋವಿಗಿಂತ ಊತವೇ ಹೆಚ್ಚು. ಪ್ರತಿಕಾಯ ಕಂಡವರೆಲ್ಲ ರೋಗಿಗಳೆಂದು ಬಗೆಯುವುದು ಮಾತ್ರ ತಪ್ಪಾದೀತು: ಹಳೆಯ ಸಂಪರ್ಕವೂ ಬೇರೊಂದು ಸೋಂಕೂ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಯಲ್ಲಿ ಅದೇ ಫಲಿತಾಂಶ ಕೊಡಬಹುದಾದ್ದರಿಂದ ವೆಸ್ಟರ್ನ್ ಬ್ಲಾಟ್ ಎಂಬ ಎರಡನೆಯ ಪರೀಕ್ಷೆಯೂ ರೋಗಲಕ್ಷಣಗಳೂ ಜೊತೆಗೂಡಬೇಕು.

ಕೊಟ್ಟಿಗೆಯಿಂದ ಬರುವುದು ಬ್ರುಸೆಲ್ಲೋಸಿಸ್. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆದವರಿಗೆ, ಕಾಯಿಸದ ಹಾಲು ಕುಡಿದವರಿಗೆ ತಗಲುವ ಈ ಸೋಂಕು ಏರಿಳಿಯುವ ಜ್ವರ, ವಿಪರೀತ ಬೆವರಿನೊಡನೆ ಸೊಂಟ ಮತ್ತು ಬೆನ್ನುಮೂಳೆಯ ಕೀಲುಗಳನ್ನು ಹಿಡಿಯುತ್ತದೆ. ರೋಸ್ ಬೆಂಗಾಲ್ ಎಂಬ ರಕ್ತಪರೀಕ್ಷೆಯಿಂದ ಸುಳಿವು ದೊರೆತರೂ ರಕ್ತದಲ್ಲಿ ರೋಗಾಣುವನ್ನು ಬೆಳೆಸಿ ನೋಡುವುದೇ ಖಚಿತ ಸಾಕ್ಷ್ಯ. 2006ರಲ್ಲಿ ಕರ್ನಾಟಕವನ್ನು ಬಾಧಿಸಿದ ಚಿಕುನ್‌ಗುನ್ಯಾ ಎಡಬಲದ ಮಣಿಕಟ್ಟು, ಬೆರಳು, ಹರಡುಗಳನ್ನು ಒಟ್ಟಿಗೆ ಹಿಡಿಯುವುದರಿಂದ ಇವೆರಡಕ್ಕಿಂತ ಬೇರೆಯಾಗಿಯೇ ಕಾಣುತ್ತದೆ.

ಇವೆಲ್ಲಕ್ಕಿಂತ ತುರ್ತಿನದು ಕೀವುಗಟ್ಟುವ ಸಂಧಿವಾತ. ಹೆಚ್ಚಾಗಿ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಇದರಲ್ಲಿ ಒಂದೇ ಕೀಲು ಕೆಂಪಾಗಿ, ಬಿಸಿಯೇರಿ, ಅಲುಗಿಸಲಾಗದಂತಾಗುತ್ತದೆ. ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಹಾಳಾಗುವುದರಿಂದ ರೋಗಿಯನ್ನು ಅದೇ ದಿನ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆಗೆ ಒಯ್ಯಬೇಕು. ನೋವಿಗೆಂದು ಕೀಲಿಗೆ ಸ್ಟೀರಾಯ್ಡ್ ಚುಚ್ಚಿಸುವುದು ಇಲ್ಲಿ ಅಪಾಯಕಾರಿ. ಸೂಜಿಯಿಂದ ಸೆಳೆದ ಕೀಲುದ್ರವ ಸಹಜವಾಗಿ ತಿಳಿಯಾಗಿದ್ದು ಅಂಟಂಟಾಗಿರುತ್ತದೆ. ಅದು ಮಬ್ಬಾಗಿ, ಘನ ಮಿಲಿಮೀಟರಿಗೆ 50,000ಕ್ಕೂ ಹೆಚ್ಚು ಬಿಳಿ ರಕ್ತಕಣಗಳಿದ್ದರೆ ಕೀವಿನ ಸಂಶಯ ಬಲವಾಗುತ್ತದೆ. ಈ ದ್ರವವನ್ನು ಸಾಧ್ಯವಾದಷ್ಟೂ ಆಂಟಿಬಯಾಟಿಕ್ ಕೊಡುವ ಮೊದಲೇ ತೆಗೆಯಬೇಕು, ಇಲ್ಲವಾದರೆ ಪ್ರಯೋಗಾಲಯದಲ್ಲಿ ರೋಗಾಣು ಬೆಳೆಯದೆ ಹೋಗಬಹುದು. ತಿಂಗಳುಗಟ್ಟಲೆ ಒಂದೇ ಕೀಲು ಊದಿದ್ದರೆ ಕ್ಷಯವನ್ನೂ ಶಂಕಿಸಿ ಕೀಲುಪೊರೆಯ ತುಣುಕನ್ನು ಪರೀಕ್ಷೆಗೆ ಕಳುಹಿಸಲಾಗುತ್ತದೆ.