ಮೂರಡಿ ಅಗಲ, ಆರೂವರೆ ಅಡಿ ಉದ್ದ: ಜಪಾನಿನ ಕ್ಯಾಪ್ಸೂಲ್ ಹೋಟೆಲು

ಜಪಾನಿನ ದೊಡ್ಡ ಊರುಗಳಲ್ಲಿ ರಾತ್ರಿ ಹನ್ನೆರಡೂವರೆಯ ಆಸುಪಾಸಿಗೆ ರೈಲು ಓಡಾಟ ನಿಂತುಬಿಡುತ್ತದೆ. ಮತ್ತೆ ಶುರುವಾಗುವುದು ಬೆಳಗಿನ ಐದರ ಸುಮಾರಿಗೆ. ಕಚೇರಿ ಮುಗಿಸಿ ಜೊತೆಗಾರರೊಂದಿಗೆ ಊಟಕ್ಕೋ ಕುಡಿಯುವುದಕ್ಕೋ ಕೂತವರು ಕೊನೆಯ ರೈಲು ತಪ್ಪಿಸಿಕೊಂಡರೆ ದೂರದ ಬಡಾವಣೆಯ ಮನೆಗೆ ಟ್ಯಾಕ್ಸಿಯೊಂದೇ ಗತಿ. ಅದು ಜೇಬಿಗೆ ಭಾರೀ ಕತ್ತರಿ. ಒಸಾಕಾದ ಉಮೆದಾ ಪ್ರದೇಶದಲ್ಲಿ ಸೌನಾ ನಡೆಸುತ್ತಿದ್ದ ನ್ಯೂ ಜಪಾನ್ ಎಂಬ ಸಂಸ್ಥೆಗೆ ಇಂಥ ಗಿರಾಕಿಗಳ ಪರಿಚಯ ಚೆನ್ನಾಗಿತ್ತು. ಬಿಸಿ ಕೋಣೆಯಲ್ಲಿ ಬೆವರಿಳಿಸಿ, ತೊಟ್ಟಿಯಲ್ಲಿ ಮಿಂದು, ಅಲ್ಲೇ ಬೆಳಗು ಮಾಡುತ್ತಿದ್ದವರು ಇವರು. ಇವರಿಗೆ ಸರಿಯಾದ ಹಾಸಿಗೆ ಬೇಕು, ಆದರೆ ಒಬ್ಬೊಬ್ಬರಿಗೂ ಕೋಣೆ ಕೊಡುವಷ್ಟು ಜಾಗವಿಲ್ಲ. ಸಂಸ್ಥೆ ಆಗಿನ ಹೆಸರಾಂತ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಅವರ ಬಳಿ ಹೋಯಿತು. ಅವರ ವಿನ್ಯಾಸದಲ್ಲಿ 1979ರಲ್ಲಿ ಬಾಗಿಲು ತೆರೆದ 'ಕ್ಯಾಪ್ಸೂಲ್ ಇನ್ ಒಸಾಕಾ'ವೇ ಜಗತ್ತಿನ ಮೊದಲ ಕ್ಯಾಪ್ಸೂಲ್ ಹೋಟೆಲು.

ಈ ಹುಟ್ಟಿನ ಕತೆಯನ್ನು ಮೊದಲೇ ಹೇಳಲು ಕಾರಣವಿದೆ. ಜಪಾನಿಗೆ ಹೊರಟ ನಮ್ಮವರು ಕ್ಯಾಪ್ಸೂಲ್ ಹೋಟೆಲನ್ನು 'ತೀರಾ ಚಿಕ್ಕ ಕೋಣೆ' ಎಂದುಕೊಂಡು ಹುಡುಕುತ್ತಾರೆ. ಫೋಟೊಗಳಲ್ಲಿ ಕ್ಯಾಪ್ಸೂಲ್ ಎಂಬ ಮಲಗುವ ಡಬ್ಬಿಯೊಳಗಿನ ಬಣ್ಣ, ದೀಪ, ಟಿವಿ ನೋಡಿ ಒಂದನ್ನು ಆರಿಸುತ್ತಾರೆ. ಆದರೆ ಅದು ಹುಟ್ಟಿದ್ದು ಕೋಣೆಯಾಗಿ ಅಲ್ಲ, ಸ್ನಾನದ ಮನೆಯೊಂದರ ಹಾಸಿಗೆಯಾಗಿ. ಡಬ್ಬಿಯ ಒಳಗೆ ನಾವು ಬರೀ ಮಲಗುತ್ತೇವೆ. ಬಟ್ಟೆ ಬದಲಿಸುವುದು, ಮೀಯುವುದು, ಕೂರುವುದು, ತಿನ್ನುವುದು, ಪೆಟ್ಟಿಗೆ ಇಡುವುದು ಎಲ್ಲವೂ ಹೊರಗೆ. ಡಬ್ಬಿಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದ್ದರಿಂದ ಆರಿಸುವಾಗ ನೋಡಬೇಕಾದದ್ದು ಅದರ ಹೊರಗಿನದನ್ನು.

ಕುರೊಕಾವಾ ಅವರ ಹೆಸರು ಬಂದಾಗಲೆಲ್ಲ ಟೋಕಿಯೊದ ನಕಾಗಿನ್ ಕ್ಯಾಪ್ಸೂಲ್ ಗೋಪುರದ ಹೆಸರೂ ಬರುತ್ತದೆ, ಎರಡನ್ನೂ ಬೆರೆಸಿ ಹೇಳುವವರೂ ಇದ್ದಾರೆ. ನಕಾಗಿನ್ ಹೋಟೆಲಾಗಿರಲಿಲ್ಲ. ಗಿನ್ಜಾದ ಅಂಚಿನಲ್ಲಿ 1972ರಲ್ಲಿ ಎದ್ದ ಅದರಲ್ಲಿ 140 ಕ್ಯಾಪ್ಸೂಲ್‌ಗಳಿದ್ದವು. ದುಂಡು ಕಿಟಕಿಯ ಒಂದೊಂದು ಡಬ್ಬಿಯೂ ಸ್ನಾನದ ಮನೆ ಸಮೇತ ಒಂದು ಪುಟ್ಟ ವಸತಿ. ಮನೆ ದೂರವಿದ್ದ ಉದ್ಯೋಗಸ್ಥರು ವಾರದ ನಡುವೆ ತಂಗಲೆಂದು ಅದನ್ನು ಕಟ್ಟಿದ್ದು. ಕಟ್ಟಡವೂ ಜೀವಿಯ ಹಾಗೆ ಬೆಳೆಯಬೇಕು, ಹಳೆಯ ಅಂಗ ಕಳಚಿ ಹೊಸದು ಕೂಡಬೇಕು ಎಂದು 1960ರಲ್ಲಿ ಜಪಾನಿನ ತರುಣ ವಾಸ್ತುಶಿಲ್ಪಿಗಳ ಗುಂಪೊಂದು ಸಾರಿತ್ತು. 'ಮೆಟಬಾಲಿಸಂ' ಎಂದು ಪ್ರಸಿದ್ಧವಾದ ಆ ಚಳವಳಿಯಲ್ಲಿ ಕುರೊಕಾವಾ ಎಲ್ಲರಿಗಿಂತ ಚಿಕ್ಕವರ ಪೈಕಿ. ಇಪ್ಪತ್ತೈದು ವರ್ಷಕ್ಕೊಮ್ಮೆ ಡಬ್ಬಿಗಳನ್ನು ಬಿಚ್ಚಿ ಹೊಸದು ಜೋಡಿಸಬೇಕೆಂಬ ಅವರ ಎಣಿಕೆ ನಕಾಗಿನ್‌ನಲ್ಲಿ ಒಮ್ಮೆಯೂ ಈಡೇರಲಿಲ್ಲ. ನೀರು ಸೋರಿ, ತುಕ್ಕು ಹಿಡಿದು, 2022ರಲ್ಲಿ ಗೋಪುರವನ್ನು ಕಳಚಿದರು. ಉಳಿಸಿಕೊಂಡ ಕೆಲವು ಡಬ್ಬಿಗಳು ಈಗ ವಸ್ತುಸಂಗ್ರಹಾಲಯಗಳ ಪಾಲಾಗಿವೆ. ಕಲೆಯಾಗಿ ಮೆರೆದ ಗೋಪುರ ಹೋಯಿತು. ಸೌನಾದವರ ಅಗತ್ಯಕ್ಕೆಂದು ಅದೇ ಕೈ ಬರೆದ ನಕ್ಷೆ ಮಾತ್ರ ದೇಶದ ತುಂಬ ಹರಡಿತು. ನನಗೆ ಇದು ವಾಸ್ತುಶಿಲ್ಪದ ಇತಿಹಾಸದ ಬಹಳ ದೊಡ್ಡ ಪಾಠ ಅನ್ನಿಸುತ್ತದೆ.

ಹೋಟೆಲಿನ ಕ್ಯಾಪ್ಸೂಲ್ ನಕಾಗಿನ್ ಡಬ್ಬಿಗಿಂತ ಎಷ್ಟೋ ಚಿಕ್ಕದು. ಸುಮಾರು ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ, ಎರಡು ಮೀಟರ್ ಉದ್ದ. ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕಿನಿಂದ ಅಚ್ಚು ಹೊಯ್ದದ್ದು. ಮೂಲೆಗಳೆಲ್ಲ ದುಂಡಗೆ, ಒರೆಸಿದರೆ ಸ್ವಚ್ಛ. ಒಂದರ ಮೇಲೊಂದರಂತೆ ಎರಡು ಸಾಲು. ತಲೆದೆಸೆಯಲ್ಲಿ ಒಂದು ಫಲಕ: ದೀಪದ ಗುಂಡಿ, ಗಾಳಿಯ ಗುಂಡಿ, ಅಲಾರಾಂ, ಚಾರ್ಜಿಂಗಿಗೆ ಒಂದು ಪ್ಲಗ್. ಹಳೆಯವುಗಳಲ್ಲಿ ಚಾವಣಿಗೆ ಅಂಟಿದ ಪುಟ್ಟ ಟಿವಿ. ಎದ್ದು ಕೂರಬಹುದು, ನಿಲ್ಲಲಾಗದು. ನಮ್ಮ ರೈಲಿನ ಮೇಲಿನ ಬರ್ತ್‌ನಲ್ಲಿ ಹಾಯಾಗಿ ನಿದ್ದೆ ಮಾಡುವವರಿಗೆ ಇದು ವಿಶಾಲವೇ. ಕಾಲಿನ ಕಡೆ ಬಾಗಿಲಿಲ್ಲ, ಮೇಲಿನಿಂದ ಎಳೆದುಕೊಳ್ಳುವ ಒಂದು ಪರದೆ ಮಾತ್ರ.

ಬಾಗಿಲು, ಬೀಗ ಇಲ್ಲದಿರುವುದು ಜಿಪುಣತನದಿಂದಲ್ಲ. ಜಪಾನಿನ ವಸತಿಗೃಹ ಕಾಯಿದೆ 1948ರದ್ದು. ಅದರಡಿ ಕ್ಯಾಪ್ಸೂಲ್‌ಗಳು ಹೋಟೆಲಿನ ವರ್ಗಕ್ಕೆ ಸೇರದೆ, ಹಲವರು ಹಂಚಿಕೊಂಡು ತಂಗುವ 'ಸರಳ ವಸತಿ' ವರ್ಗಕ್ಕೆ ಸೇರುತ್ತವೆ. ಬೆಂಕಿ ಬಿದ್ದರೆ ಎಲ್ಲರೂ ಕ್ಷಣದಲ್ಲಿ ಹೊರಬರಬೇಕು, ಹೊರಗಿನವರು ಎಬ್ಬಿಸಲೂ ಆಗಬೇಕು. ಹಾಗಾಗಿ ಮಲಗುವ ಡಬ್ಬಿಗೆ ಪರದೆ, ಸಾಮಾನಿಗೆ ಬೇರೆಡೆ ಬೀಗದ ಲಾಕರು. ಬೀಗವಿಲ್ಲದೆ ನಿದ್ದೆ ಬಾರದು ಎನ್ನುವವರು ಆ ಸ್ವಭಾವವನ್ನು ಗೌರವಿಸಿ ಬೇರೆ ಕಡೆ ಕೋಣೆ ಹಿಡಿಯುವುದೇ ಒಳ್ಳೆಯದು.

ಒಳಗೆ ಹೋಗುವ ಕ್ರಮ ಮೊದಲ ಸಲಕ್ಕೆ ಗೊಂದಲ ಹುಟ್ಟಿಸಬಹುದು. ಹಳೆಯ ಬಗೆಯ ಹೋಟೆಲಿನಲ್ಲಿ ಬಾಗಿಲು ದಾಟಿದ ಕೂಡಲೇ ಎತ್ತರಿಸಿದ ನೆಲ. ಅಲ್ಲಿ ಚಪ್ಪಲಿ, ಬೂಟು ಬಿಚ್ಚಿ ಗೋಡೆಯ ಪುಟ್ಟ ಗೂಡಿನಲ್ಲಿಟ್ಟು ಬೀಗ ಹಾಕಬೇಕು. ಆ ಬೀಗದ ಕೈಯನ್ನು ಸ್ವಾಗತದ ಮೇಜಿನಲ್ಲಿ ಒಪ್ಪಿಸಿದರೆ, ಅದಕ್ಕೆ ಬದಲಾಗಿ ಕೈಗೆ ಸುತ್ತಿಕೊಳ್ಳುವ ಪಟ್ಟಿಯಲ್ಲಿ ಪೋಣಿಸಿದ ಇನ್ನೊಂದು ಕೀಲಿ ಕೊಡುತ್ತಾರೆ. ಲಾಕರಿನ ಸಂಖ್ಯೆ, ಕ್ಯಾಪ್ಸೂಲಿನ ಸಂಖ್ಯೆ ಹೆಚ್ಚಾಗಿ ಒಂದೇ. ವಿದೇಶಿಯರು ಪಾಸ್‌ಪೋರ್ಟ್ ತೋರಿಸಬೇಕು, ಅವರು ಪ್ರತಿ ಮಾಡಿಕೊಳ್ಳುತ್ತಾರೆ. ಅದು ಅಲ್ಲಿನ ಕಾನೂನು. ಲಾಕರಿನಲ್ಲಿ ಟವೆಲು, ಮಡಿಸಿದ ಸಡಿಲ ಅಂಗಿ-ಚಡ್ಡಿ ಕಾದಿರುತ್ತವೆ. ಹೊರಗಿನ ಬಟ್ಟೆ ಕಳಚಿ ಅದನ್ನು ತೊಟ್ಟ ಮೇಲೆ ಕಂಪನಿಯ ಮ್ಯಾನೇಜರಿಗೂ ಬೆನ್ನುಚೀಲದ ಹುಡುಗನಿಗೂ ವ್ಯತ್ಯಾಸ ಕಾಣದು. ಆ ಉಡುಪಿನಲ್ಲೇ ಊಟದ ಕೋಣೆ, ಪುಸ್ತಕದ ಕಪಾಟು, ಸ್ನಾನದ ಮನೆ ಎಲ್ಲ ಕಡೆ ಓಡಾಟ.

ಸ್ನಾನದ ಮನೆಯೇ ಈ ಹೋಟೆಲುಗಳ ಜೀವ. ಗಂಡಸರ ಹಳೆಯ ಕ್ಯಾಪ್ಸೂಲ್‌ಗಳಲ್ಲಿ ದೊಡ್ಡ ಬಿಸಿನೀರ ತೊಟ್ಟಿ, ಸೌನಾ, ಪಕ್ಕದಲ್ಲೇ ತಣ್ಣೀರ ತೊಟ್ಟಿ. ಮೈಮೇಲೆ ನೂಲೂ ಇಲ್ಲದೆ ಎಲ್ಲರ ಜೊತೆ ಮೀಯುವುದು ನಮ್ಮವರಿಗೆ ಮುಜುಗರವೇ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಗೋಡೆಯ ಬದಿಯ ಪುಟ್ಟ ಮಣೆಯ ಮೇಲೆ ಕೂತು, ಸೋಪು ಹಚ್ಚಿ, ಚೆನ್ನಾಗಿ ತೊಳೆದುಕೊಂಡ ಮೇಲಷ್ಟೇ ತೊಟ್ಟಿಗಿಳಿಯಬೇಕು. ಟವೆಲನ್ನು ತೊಟ್ಟಿಯ ನೀರಿಗೆ ಅದ್ದಬಾರದು. ಹಚ್ಚೆ ಇದ್ದವರನ್ನು ಬಹಳಷ್ಟು ಕಡೆ ತೊಟ್ಟಿಗೆ ಬಿಡುವುದಿಲ್ಲ; ಕೈಮೇಲೆ ಚಿಕ್ಕದೊಂದು ಹೂವಿದ್ದರೂ ಮೊದಲೇ ಕೇಳಿಕೊಳ್ಳಿ. ಇಡೀ ದಿನ ನಡೆದು ಕಾಲು ಸೋತವರಿಗೆ ಆ ಬಿಸಿನೀರು ಎಷ್ಟು ದೊಡ್ಡ ಉಪಕಾರವೆಂಬುದು ತೊಟ್ಟಿಯಲ್ಲಿ ಕೂತರೇ ಗೊತ್ತಾಗುವುದು. ಎರಡು ಕ್ಯಾಪ್ಸೂಲ್ ಹೋಟೆಲುಗಳ ನಡುವೆ ಮನಸ್ಸು ತೂಗುತ್ತಿದ್ದರೆ, ದೊಡ್ಡ ತೊಟ್ಟಿ ಇರುವುದನ್ನೇ ಹಿಡಿಯಿರಿ ಎನ್ನುತ್ತೇನೆ. ಬರೀ ಶವರ್ ಇರುವ ಕಡೆ ಬೆಳಿಗ್ಗೆ ಎಂಟರ ಹೊತ್ತಿಗೆ ಸರದಿ ನಿಲ್ಲಬೇಕಾಗುತ್ತದೆ, ಅದೂ ಗಮನದಲ್ಲಿರಲಿ.

ಹೆಣ್ಣುಮಕ್ಕಳಿಗೆ ಬಹುಕಾಲ ಈ ಬಾಗಿಲು ಮುಚ್ಚಿತ್ತು. ರೈಲು ತಪ್ಪಿದ ಗಂಡಸರಿಗೆಂದೇ ಕಟ್ಟಿದ್ದರಿಂದ ಇಂದಿಗೂ ಕೆಲವು ಗಂಡಸರಿಗಷ್ಟೇ ಮೀಸಲು. ಪ್ರವಾಸಿಗರು ಹೆಚ್ಚಿದ ಹಾಗೆ ಈ ಲೆಕ್ಕ ಬದಲಾಯಿತು. ಜಪಾನಿಗೆ ಬರುವ ವಿದೇಶಿಯರು 2013ರಲ್ಲಿ ಮೊದಲ ಸಲ ವರ್ಷಕ್ಕೆ ಒಂದು ಕೋಟಿ ದಾಟಿದರು. 2019ರ ಹೊತ್ತಿಗೆ ಆ ಸಂಖ್ಯೆ ಸುಮಾರು 3 ಕೋಟಿ 19 ಲಕ್ಷ. ಬೇಡಿಕೆ ಬೆಳೆದಂತೆ ಹೆಂಗಸರಿಗೆ ಬೇರೆ ಮಹಡಿ, ಬೇರೆ ಲಿಫ್ಟು, ಕೀಲಿಯಿಲ್ಲದೆ ತೆರೆಯದ ಬಾಗಿಲು ಬಂದವು. ಈ ಹೊಸ ಅಲೆಗೆ ದಾರಿ ತೋರಿದ್ದು 2009ರಲ್ಲಿ ಕ್ಯೋಟೊದಲ್ಲಿ ಶುರುವಾದ 'ನೈನ್ ಅವರ್ಸ್'. ಒಂದು ಗಂಟೆ ಸ್ನಾನ, ಏಳು ಗಂಟೆ ನಿದ್ದೆ, ಒಂದು ಗಂಟೆ ಸಿದ್ಧತೆ: ಒಟ್ಟು ಒಂಬತ್ತು ತಾಸು, ಅದಕ್ಕೇ ಆ ಹೆಸರು. ವಿನ್ಯಾಸಕಿ ಫುಮಿಯೆ ಶಿಬಾತಾ ಅದರ ಬಿಳಿಯ, ಅಂಚಿಲ್ಲದ ಡಬ್ಬಿಗಳಿಗೆ ರೂಪ ಕೊಟ್ಟವರು. ಹಳೆಯ ಕ್ಯಾಪ್ಸೂಲ್‌ಗಳ ಸಿಗರೇಟಿನ ಕಮಟು, ಗಂಡಸರ ಗದ್ದಲಕ್ಕೆ ಹೆದರುತ್ತಿದ್ದವರೂ ಇಂಥಲ್ಲಿ ಮಲಗತೊಡಗಿದರು. ಜೋಡಿಯಾಗಿ ಹೋಗುವವರು ಒಂದು ಮಾತು ತಿಳಿದಿರಬೇಕು: ಗಂಡ ಒಂದು ಮಹಡಿ, ಹೆಂಡತಿ ಇನ್ನೊಂದು ಮಹಡಿ. ಬೆಳಗಿನ ಭೇಟಿ ಕೆಳಗಿನ ಹಜಾರದಲ್ಲೇ.

ಈಗ ಆಯ್ಕೆಯ ಮಾತು. ಜಾಗ ಮೊದಲು. ಟೋಕಿಯೊದಲ್ಲಿ ಊರನ್ನು ಸುತ್ತುವ ಯಾಮಾನೊತೆ ರೈಲು ಮಾರ್ಗದ ನಿಲ್ದಾಣವೊಂದಕ್ಕೆ ಐದು ಹತ್ತು ನಿಮಿಷದ ನಡಿಗೆಯೊಳಗೆ ಇದ್ದರೆ ಉಳಿದ ತಾಪತ್ರಯ ಅರ್ಧ ಕಡಿಮೆ. ಉಯೆನೊ ಸುತ್ತಮುತ್ತ ನರಿತಾ ವಿಮಾನ ನಿಲ್ದಾಣದಿಂದ ನೇರ ರೈಲಿದೆ, ವಸ್ತುಸಂಗ್ರಹಾಲಯಗಳೂ ಪಕ್ಕದಲ್ಲೇ. ಶಿಂಜುಕು ರಾತ್ರಿಯಿಡೀ ಎದ್ದಿರುವ ಊರು. ಅಲ್ಲಿನ ಕಬುಕಿಚೊ ಬೀದಿಗಳ ಕ್ಯಾಪ್ಸೂಲ್‌ಗಳಿಗೆ ಅಪರಾತ್ರಿಯಲ್ಲಿ ಜನ ಬರುತ್ತಲೇ ಇರುತ್ತಾರೆ. ಬೇಗ ಮಲಗುವವರಿಗೆ ಅಸಾಕುಸಾ ಹಿತ. ಒಸಾಕಾದಲ್ಲಾದರೆ ಉಮೆದಾ, ಇಲ್ಲವೇ ನಾಂಬಾ.

ಎರಡನೆಯದು ಪೆಟ್ಟಿಗೆ. ಹಳೆಯ ಹೋಟೆಲಿನ ಲಾಕರು ಒಂದು ಕೋಟು, ಒಂದು ಕೈಚೀಲ ಹಿಡಿಯುವಷ್ಟು ಸಪೂರ. ನಮ್ಮ ದೊಡ್ಡ ಸೂಟ್‌ಕೇಸು ಸ್ವಾಗತದ ಬಳಿ ಸರಪಳಿ ಹಾಕಿಕೊಂಡು ರಾತ್ರಿ ಕಳೆಯಬೇಕು. ಇದಕ್ಕೆ ಜಪಾನಿಯರೇ ಕಂಡುಕೊಂಡ ಸೊಗಸಾದ ಉಪಾಯ ಪೆಟ್ಟಿಗೆಯನ್ನು ಕೊರಿಯರಿನಲ್ಲಿ ಕಳಿಸುವುದು. ಮರಿಯನ್ನು ಬಾಯಲ್ಲಿ ಹಿಡಿದ ಕರಿಬೆಕ್ಕಿನ ಗುರುತಿರುವ ಯಮಾಟೊ ಕಂಪನಿಯ ಗಾಡಿಗಳು ಎಲ್ಲ ಬೀದಿಗಳಲ್ಲೂ ಕಾಣುತ್ತವೆ. ಟೋಕಿಯೊದಲ್ಲಿ ಒಪ್ಪಿಸಿದ ಪೆಟ್ಟಿಗೆ ಸಾಮಾನ್ಯವಾಗಿ ಮರುದಿನ ಕ್ಯೋಟೊದ ಹೋಟೆಲು ತಲುಪಿರುತ್ತದೆ. ಒಂದೆರಡು ದಿನದ ಬಟ್ಟೆ ಬೆನ್ನುಚೀಲಕ್ಕೆ ಹಾಕಿಕೊಂಡರೆ ಕ್ಯಾಪ್ಸೂಲ್ ವಾಸ ಹಗುರ.

ಮೂರನೆಯದನ್ನು ಬಹಳ ಜನ ಬುಕ್ ಮಾಡಿದ ಮೇಲೆ ಓದುತ್ತಾರೆ: ಸತತ ಹಲವು ರಾತ್ರಿ ಕಾದಿರಿಸಿದ್ದರೂ ಹೆಚ್ಚಿನ ಕಡೆ ಬೆಳಿಗ್ಗೆ ಹತ್ತಕ್ಕೆ ಡಬ್ಬಿ ಖಾಲಿ ಮಾಡಬೇಕು. ಸ್ವಚ್ಛ ಮಾಡಿ ಮಧ್ಯಾಹ್ನವೋ ಸಂಜೆಯೋ ಮತ್ತೆ ಒಳಗೆ ಬಿಡುತ್ತಾರೆ, ಕೆಲವೊಮ್ಮೆ ಬೇರೆ ಸಂಖ್ಯೆಯ ಡಬ್ಬಿಗೆ. ಊರು ನೋಡಲು ಬಂದವರು ಹೇಗೂ ಹಗಲೆಲ್ಲ ಹೊರಗೇ ಇರುತ್ತಾರೆ. ಮಧ್ಯಾಹ್ನ ಒಂದು ಜೊಂಪು ಬೇಕೇ ಬೇಕು ಎನ್ನುವವರಿಗೆ, ಜ್ವರ ಬಂದು ಮಲಗಬೇಕಾದವರಿಗೆ ಈ ನಿಯಮ ಕಷ್ಟ. ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರು ಇದನ್ನು ಓದದೆ ಬುಕ್ ಮಾಡಬಾರದು. ಪುಟ್ಟ ಮಕ್ಕಳನ್ನಂತೂ ಬಹುತೇಕ ಕಡೆ ಸೇರಿಸುವುದಿಲ್ಲ.

ಡಬ್ಬಿಯ ಬಗ್ಗೆಯೇ ಕೇಳಬೇಕಾದ್ದು ಎರಡೇ. ಮಂಡಿನೋವಿದ್ದರೆ ಕೆಳಸಾಲು ಬೇಡಿ. ಮೇಲಿನದಕ್ಕೆ ಪುಟ್ಟ ಏಣಿ ಹತ್ತಬೇಕು, ರಾತ್ರಿ ಬಚ್ಚಲಿಗೆ ಇಳಿಯಬೇಕು. ಕಾಲಿನ ಕಡೆಯಿಂದ ತೆವಳಿ ಹೋಗುವ ಬಗೆಯೋ, ಪಕ್ಕದಿಂದ ಹತ್ತುವ ಬಗೆಯೋ ಎಂಬುದನ್ನೂ ನೋಡಿಕೊಳ್ಳಿ. ಇಕ್ಕಟ್ಟಿಗೆ ಅಂಜುವವರಿಗೆ ಪಕ್ಕದಿಂದ ತೆರೆಯುವುದು ವಾಸಿ.

ಗೊರಕೆಯನ್ನು ಯಾವ ಹೋಟೆಲೂ ತಡೆಯಲಾರದು. ಕಿವಿಗೆ ಹಾಕಿಕೊಳ್ಳುವ ಇಯರ್‌ಪ್ಲಗ್ ಮರೆಯಬೇಡಿ. ಅಲಾರಾಂ ಸದ್ದು ಮಾಡದೆ ಬರೀ ಅದುರುವಂತೆ ಇಟ್ಟುಕೊಳ್ಳುವುದು, ಡಬ್ಬಿಯೊಳಗೆ ಫೋನಿನಲ್ಲಿ ಮಾತಾಡದಿರುವುದು, ಪ್ಲಾಸ್ಟಿಕ್ ಚೀಲ ಸರಸರ ಅನ್ನಿಸದಿರುವುದು ಅಲ್ಲಿ ಹೇಳದೇ ನಡೆಯುವ ಮರ್ಯಾದೆ. ತಿಂಡಿಯೂ ಹಜಾರದಲ್ಲೇ. ಜಪಾನಿನ ವಿದ್ಯುತ್ತು 100 ವೋಲ್ಟು, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ನಮ್ಮ ದುಂಡು ಕಡ್ಡಿಯ ಚಾರ್ಜರಿಗೆ ಅಡಾಪ್ಟರ್ ಬೇಕು. ಮಲಗುವ ಮುನ್ನ ತುರ್ತು ಬಾಗಿಲು ಎಲ್ಲಿದೆಯೆಂದು ಒಮ್ಮೆ ನಡೆದು ನೋಡಿಕೊಳ್ಳಿ, ಅದು ಭೂಕಂಪದ ನಾಡು.

ಈ ಡಬ್ಬಿಗಳನ್ನು ತಮಾಷೆಯ ವಸ್ತುವಾಗಿ ನೋಡುವವರಿಗೆ ಇನ್ನೊಂದು ಸಂಗತಿ ಗೊತ್ತಿರಬೇಕು. 2008ರ ಆರ್ಥಿಕ ಕುಸಿತದ ನಂತರ ಕೆಲಸ ಹೋಗಿ, ಬಾಡಿಗೆ ಮನೆಯೂ ಹೋದ ಜನ ಟೋಕಿಯೊದ ಕ್ಯಾಪ್ಸೂಲ್‌ಗಳಲ್ಲಿ ತಿಂಗಳ ಲೆಕ್ಕದಲ್ಲಿ ವಾಸಿಸಿದ್ದುಂಟು. ಸೂಟು ಲಾಕರಿನಲ್ಲಿ, ಬದುಕು ಮೂರಡಿ ಅಗಲದಲ್ಲಿ. ಬೆಳಿಗ್ಗೆ ಎದ್ದು ಕೆಲಸದ ಹುಡುಕಾಟ. ನಮಗೆ ಎರಡು ರಾತ್ರಿಯ ಅನುಭವವಾಗಿರುವುದು ಪಕ್ಕದ ಡಬ್ಬಿಯವರಿಗೆ ಇದ್ದೊಂದು ಸೂರೂ ಆಗಿರಬಹುದು. ಹಜಾರದಲ್ಲಿ ಕ್ಯಾಮೆರಾ ಎತ್ತುವ ಮುನ್ನ ಇದು ನೆನಪಾಗಲಿ.

ಬಾಡಿಗೆ ಸಾಮಾನ್ಯವಾಗಿ ಮೂರರಿಂದ ಆರು ಸಾವಿರ ಯೆನ್ ನಡುವೆ ಆಡುತ್ತದೆ. ಶನಿವಾರ, ಚೆರಿ ಹೂವಿನ ಕಾಲ ಬಂದರೆ ಇನ್ನೂ ಮೇಲೇರುತ್ತದೆ. ಅಂಥ ದಿನಗಳಲ್ಲಿ ಸಾಧಾರಣ ಬಿಸಿನೆಸ್ ಹೋಟೆಲಿನ ದರವನ್ನೂ ಜೊತೆಗಿಟ್ಟು ನೋಡಿ. ಸಾವಿರ-ಎರಡು ಸಾವಿರ ಯೆನ್‌ ವ್ಯತ್ಯಾಸಕ್ಕೆ ಬಾಗಿಲು, ಬೀಗ, ಸ್ವಂತ ಬಚ್ಚಲು ಸಿಗುವುದಾದರೆ ಕೋಣೆಯನ್ನೇ ಹಿಡಿಯುವುದು ಜಾಣತನ. ನನ್ನ ಎಣಿಕೆಯಲ್ಲಿ ಕ್ಯಾಪ್ಸೂಲ್ ಹೇಳಿ ಮಾಡಿಸಿದಂತಿರುವುದು ಒಂಟಿ ಪ್ರಯಾಣಿಕರಿಗೆ, ಒಂದೆರಡು ರಾತ್ರಿಗೆ; ತಡರಾತ್ರಿ ತಲುಪಿ ನಸುಕಿನಲ್ಲಿ ಹೊರಡುವವರಿಗೆ.

ಭಾರತದಲ್ಲಿ ಮೊದಲು ರುಚಿ ನೋಡಬೇಕೆಂದರೆ ಮುಂಬಯಿ ಸೆಂಟ್ರಲ್ ರೈಲು ನಿಲ್ದಾಣದಲ್ಲಿ 2021ರಲ್ಲಿ ರೈಲ್ವೆಯವರು ತೆರೆಸಿದ 48 ಪಾಡ್‌ಗಳ ತಂಗುದಾಣವಿದೆ. ಬೆಂಗಳೂರಿನಿಂದ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನದಲ್ಲಿ ಹೋಗುವವರು ಇಳಿಯುವುದು ನರಿತಾದ ಎರಡನೇ ಟರ್ಮಿನಲ್‌ನಲ್ಲಿ. ಅದರೆದುರಿನ ಪಾರ್ಕಿಂಗ್ ಕಟ್ಟಡದಲ್ಲೇ 2014ರಿಂದ ನೈನ್ ಅವರ್ಸ್‌ನ ಶಾಖೆಯಿದೆ. ಇಡೀ ರಾತ್ರಿಗೂ ಸಿಗುತ್ತದೆ, ಹಗಲಿನಲ್ಲಿ ಗಂಟೆಯ ಲೆಕ್ಕದಲ್ಲೂ ಸಿಗುತ್ತದೆ. ಊರೊಳಗೆ ಹಲವು ರಾತ್ರಿ ಕಾದಿರಿಸುವ ಮುನ್ನ ಅಲ್ಲಿ ಒಂದೆರಡು ತಾಸು ಮಲಗಿ ಎದ್ದರೆ, ಈ ಡಬ್ಬಿ ತಮಗೆ ಒಗ್ಗುತ್ತದೋ ಇಲ್ಲವೋ ತಿಳಿದುಹೋಗುತ್ತದೆ.