ಕುದುರೆಯ ಆಯಸ್ಸಿಗೆ ಲೆಕ್ಕ ಬರೆಯುವವರು ಯಾರು?

ಹೋರ್ಮುಜ್‌ನಿಂದ ವಿಜಯನಗರಕ್ಕೆಂದು ಹಡಗು ಹತ್ತಿದ ಕುದುರೆಗಳೆಲ್ಲ ದಡ ಮುಟ್ಟುತ್ತಿರಲಿಲ್ಲ. ನಡುಗಡಲಲ್ಲಿ ಸತ್ತದ್ದರ ಬಾಲವನ್ನಷ್ಟೇ ಕೊಯ್ದು ತಂದು ತೋರಿಸಿದರೂ ಸಾಕು, ಅಲ್ಲಿನ ದೊರೆ ಸಾಳುವ ನರಸಿಂಹ ಜೀವಂತ ಕುದುರೆಗೆ ಕೊಡುವಷ್ಟೇ ಹಣ ಕೊಡುತ್ತಿದ್ದನಂತೆ. ದರ ಸಾವಿರ ಪರ್ದಾವ್ ನಾಣ್ಯಕ್ಕೆ ಮೂರು ಕುದುರೆ, ಸತ್ತದ್ದಾಗಲಿ ಬದುಕಿದ್ದಾಗಲಿ. ಹೀಗೆಂದು ಬರೆದಿಟ್ಟವನು 16ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ವಿಜಯನಗರದ ದೊರೆ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂಬ ಲೆಕ್ಕವೂ ಅವನದೇ. ಅಷ್ಟೊಂದು ಕುದುರೆ ವರ್ಷ ವರ್ಷವೂ ಯಾಕೆ ಬೇಕಿತ್ತು? ಯುದ್ಧ ಒಂದು ಕಾರಣ. ಬಂದ ಕುದುರೆಗಳು ಬಾಳುತ್ತಿರಲಿಲ್ಲ ಎನ್ನುವುದು ಇನ್ನೊಂದು.

ಅದಕ್ಕೂ ಇನ್ನೂರು ವರ್ಷ ಮೊದಲು ಪಾಂಡ್ಯರ ಸೀಮೆಗೆ ಬಂದಿದ್ದ ಮಾರ್ಕೊ ಪೋಲೊ ಇದನ್ನು ಇನ್ನೂ ಖಾರವಾಗಿ ಹೇಳಿದ್ದಾನೆ. ರಾಜ ವರ್ಷಕ್ಕೆ ಎರಡು ಸಾವಿರ ಕುದುರೆ ತರಿಸಿದರೆ ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ. ಇಲ್ಲಿನವರಿಗೆ ಕುದುರೆ ಸಾಕುವುದು ಗೊತ್ತಿಲ್ಲ, ಬೇಯಿಸಿದ ಮಾಂಸವನ್ನೂ ಅನ್ನವನ್ನೂ ತಿನ್ನಿಸುತ್ತಾರೆ. ಲಾಳ ಕಟ್ಟಿ ಮದ್ದು ಮಾಡಬಲ್ಲವರು ಇಲ್ಲ. ವ್ಯಾಪಾರಿಗಳು ಅಂಥವರನ್ನು ತಾವೂ ಕರೆತರುವುದಿಲ್ಲ, ಬರುವವರನ್ನೂ ಬಿಡುವುದಿಲ್ಲ. ಕುದುರೆ ಸತ್ತಷ್ಟೂ ಅವರ ವ್ಯಾಪಾರ ಕುದುರುತ್ತದಲ್ಲ! ಪೋಲೊನ ಸಂಖ್ಯೆಗಳಲ್ಲಿ ಉಪ್ಪುಖಾರ ಹೆಚ್ಚಿರಬಹುದು, ಆದರೆ ಸಾವಿನಲ್ಲಿ ಲಾಭ ಕಾಣುವವರ ಕೈಗೆ ಸಿಕ್ಕ ಪ್ರಾಣಿಗೆ ಎಷ್ಟು ಆಯಸ್ಸು ಇದ್ದೀತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಕಂಡಿಲ್ಲ.

ಹಾಗಾದರೆ ಕುದುರೆ ಎಷ್ಟು ವರ್ಷ ಬದುಕಬೇಕಾದ ಪ್ರಾಣಿ? ಹೊಟ್ಟೆಗೆ ಸರಿಯಾಗಿ ಬಿದ್ದು, ರೋಗಕ್ಕೆ ಮದ್ದು ಸಿಕ್ಕರೆ 25ರಿಂದ 30 ವರ್ಷ ಎನ್ನುತ್ತಾರೆ ಪಶುವೈದ್ಯರು. ಇದೇನೂ ಹೊಸ ತಿಳಿವಳಿಕೆಯಲ್ಲ. ವರಾಹಮಿಹಿರನ ಬೃಹಜ್ಜಾತಕ ಪ್ರಾಣಿಗಳ ಪರಮಾಯುಸ್ಸನ್ನು ಹೇಳುವಾಗ ಕುದುರೆಗೆ 32 ವರ್ಷ ಕೊಡುತ್ತದೆ. ಮನುಷ್ಯನಿಗೆ 120 ವರ್ಷದ ಮೇಲೆ ಐದು ದಿನ ಕೊಟ್ಟು ನಮ್ಮ ವಿಷಯದಲ್ಲಿ ವರಾಹಮಿಹಿರ ಸ್ವಲ್ಪ ಧಾರಾಳಿಯಾದ. ಕುದುರೆಯ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಿಲ್ಲ. ಝೀಲಂ ನದಿಯ ದಡದಲ್ಲಿ ಕ್ರಿ.ಪೂ. 326ರಲ್ಲಿ ಸತ್ತ ಅಲೆಕ್ಸಾಂಡರನ ಕುದುರೆ ಬ್ಯುಸೆಫಲಸ್‌ಗೂ ಆಗ ಸುಮಾರು 30 ವರ್ಷ ಎಂದು ಗ್ರೀಕ್ ಚರಿತ್ರಕಾರರು ಬರೆದಿದ್ದಾರೆ.

ಈ ಗಡಿಯನ್ನು ದಾಟಿದವೂ ಇವೆ. ಇಂಗ್ಲೆಂಡಿನ ವಾರಿಂಗ್ಟನ್ ಹತ್ತಿರ 1760ರಲ್ಲಿ ಹುಟ್ಟಿದ ಓಲ್ಡ್ ಬಿಲ್ಲಿ ಎಂಬ ಕುದುರೆ 1822ರ ನವೆಂಬರ್ 27ರಂದು ಸತ್ತಾಗ ಅದಕ್ಕೆ 62 ವರ್ಷ. ಅದೇನೂ ಅರಮನೆಯ ಲಾಯದಲ್ಲಿ ಬೆಳೆದದ್ದಲ್ಲ. ಮರ್ಸಿ ಮತ್ತು ಇರ್ವೆಲ್ ನದಿಗಳ ದೋಣಿ ಸಾಗಾಟದ ಕಂಪನಿಯಲ್ಲಿ ದುಡಿಯುತ್ತಿತ್ತು, 1819ರವರೆಗೂ. ವಯಸ್ಸಿಗೆ ದಾಖಲೆ ಏನು ಎಂದರೆ ಹೆನ್ರಿ ಹ್ಯಾರಿಸನ್ ಎಂಬಾತನ ಮಾತು. ತಾನು 17ರ ಹುಡುಗನಾಗಿದ್ದಾಗ ಇದೇ ಕುದುರೆಯನ್ನು ನೇಗಿಲಿಗೆ ಪಳಗಿಸಿದ್ದೆ ಎಂದು ಮುದುಕನಾದ ಹ್ಯಾರಿಸನ್ ಹೇಳಿದ್ದ. ಒಬ್ಬನ ಮಾತನ್ನು ನಂಬಿ 62 ಎಂದು ಒಪ್ಪುವುದು ಹೇಗೆ ಎಂದು ಅನುಮಾನಿಸುವವರಿದ್ದಾರೆ. ಅದರ ತಲೆಬುರುಡೆ ಈಗಲೂ ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿದೆ.

ಅನುಮಾನಕ್ಕೆ ಕಾರಣ ಹಲ್ಲು. ಕುದುರೆಯ ವಯಸ್ಸನ್ನು ಹಲ್ಲಿನಲ್ಲಿ ಓದುವುದು ಜಾತ್ರೆಯಲ್ಲಿ ವ್ಯಾಪಾರಕ್ಕೆ ಕೂತವರಿಗೆಲ್ಲ ಗೊತ್ತು. ಬಾಯಿಯ ಪಕ್ಕದಿಂದ ಹೆಬ್ಬೆರಳು ತೂರಿಸುತ್ತಾರೆ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲೇ ಇಲ್ಲದ ಜಾಗವೊಂದಿದೆ, ಕಡಿವಾಣ ಕೂರುವುದೂ ಅಲ್ಲೇ. ಅಲ್ಲಿ ಒತ್ತಿದರೆ ಕುದುರೆ ಬಾಯಿ ತೆರೆಯುತ್ತದೆ. ನಾಲಿಗೆಯನ್ನು ಪಕ್ಕಕ್ಕೆ ಹಿಡಿದು ಕೆಳಗಿನ ಬಾಚಿಹಲ್ಲುಗಳ ಮೇಲ್ಮೈ ನೋಡುತ್ತಾರೆ. ಎಳೆಯ ಕುದುರೆಯ ಹಲ್ಲಿನ ನಡುವೆ ಕಪ್ಪು ಗುಳಿ ಇರುತ್ತದೆ. ಹಲ್ಲು ಸವೆದಂತೆ ಗುಳಿ ಮುಚ್ಚುತ್ತದೆ. ನಡುವಿನ ಜೋಡಿಯಲ್ಲಿ ಆರನೇ ವರ್ಷಕ್ಕೆ, ಅದರ ಪಕ್ಕದ್ದರಲ್ಲಿ ಏಳಕ್ಕೆ, ಮೂಲೆಯದರಲ್ಲಿ ಎಂಟಕ್ಕೆ. ಆಮೇಲೆ ನೋಡಬೇಕಾದದ್ದು ಮೇಲಿನ ಸಾಲಿನ ಮೂಲೆಹಲ್ಲು. ಹತ್ತರ ಸುಮಾರಿಗೆ ಅದರ ಹೊರಮೈಯಲ್ಲಿ, ಒಸಡಿನ ಅಂಚಿನಲ್ಲಿ ಒಂದು ಕಂದು ಗೆರೆ ಇಣುಕುತ್ತದೆ. ಹದಿನೈದಕ್ಕೆ ಹಲ್ಲಿನ ಅರ್ಧಕ್ಕೆ ಇಳಿಯುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಇಪ್ಪತ್ತೈದಕ್ಕೆ ಮೇಲಿನ ಅರ್ಧ ಅಳಿಸಿಹೋಗಿರುತ್ತದೆ, ಮೂವತ್ತಕ್ಕೆ ಗೆರೆಯೇ ಇರುವುದಿಲ್ಲ. ಇದಕ್ಕೆ ಗ್ಯಾಲ್ವೇನ್ ಗೆರೆ ಎಂದು ಹೆಸರು. ಒಂದೆರಡು ವರ್ಷ ಆಚೀಚೆ ಆಗುತ್ತದೆ, ಆದರೂ ಮಾಲೀಕನ ಬಾಯಿಗಿಂತ ಕುದುರೆಯ ಬಾಯಿ ನಂಬುವುದು ವಾಸಿ.

ಕುದುರೆಯ ದವಡೆಹಲ್ಲು ಎಂಟು ಹತ್ತು ಸೆಂಟಿಮೀಟರ್ ಉದ್ದ. ಬಹುಪಾಲು ದವಡೆಯೊಳಗೇ ಹುದುಗಿರುತ್ತದೆ. ಹುಲ್ಲು ಅಗಿದು ಅಗಿದು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಸವೆದರೆ, ಅಷ್ಟೇ ಭಾಗ ಪೆನ್ಸಿಲ್ಲಿನ ಸೀಸದ ಹಾಗೆ ಕೆಳಗಿನಿಂದ ಮೇಲೆ ಬರುತ್ತದೆ. ಭಾಗಿಸಿ ನೋಡಿ: ಮೂವತ್ತು ವರ್ಷದ ಆಸುಪಾಸಿಗೆ ದಾಸ್ತಾನು ಖಾಲಿ. ಹಲ್ಲು ಮುಗಿದ ಕುದುರೆ ಹುಲ್ಲನ್ನು ಬಾಯಿಗೆ ತೆಗೆದುಕೊಳ್ಳುತ್ತದೆ, ಹೊರಳಾಡಿಸುತ್ತದೆ, ನುಂಗಲಾಗದೆ ಒದ್ದೆ ಉಂಡೆ ಮಾಡಿ ಕೆಳಗೆ ಉಗುಳುತ್ತದೆ. ಲಾಯದ ನೆಲದಲ್ಲಿ ಅಂಥ ಉಂಡೆಗಳು ಕಂಡರೆ ಆ ಕುದುರೆ ಮೇವಿನ ಮುಂದೆಯೇ ಉಪವಾಸವಿದೆ ಎಂದು ತಿಳಿಯಬೇಕು. ನೆನೆಸಿದ ಬೂಸಾ, ಸಣ್ಣಗೆ ಕೊಚ್ಚಿದ ಕುದುರೆ ಮಸಾಲೆ ಸೊಪ್ಪು, ಬೇಯಿಸಿ ಅರೆದ ಹುರುಳಿ, ಹೀಗೆ ಮೆತ್ತಗಿನದನ್ನು ಹೊತ್ತು ಹೊತ್ತಿಗೆ ಇಟ್ಟರೆ ಅದು ಇನ್ನೂ ಐದಾರು ವರ್ಷ ಬಾಳೀತು. ಕಾಡಿನಲ್ಲಿ ಇಡುವವರು ಯಾರು? ಅದಕ್ಕೇ ಅಲೆಮಾರಿ ಕುದುರೆಗಳು ಸಾಕಿದವುಗಳಷ್ಟು ಕಾಲ ಬದುಕುವುದಿಲ್ಲ.

ಗಾತ್ರದ ಮಾತೂ ಇದೆ. ತಟ್ಟುಗಳು ದೊಡ್ಡ ಕುದುರೆಗಳಿಗಿಂತ ಹೆಚ್ಚು ಬಾಳುತ್ತವೆ, ಮೂವತ್ತು ದಾಟುವುದು ಅವುಗಳಲ್ಲಿ ಅಪರೂಪವಲ್ಲ. ಭಾರ ಎಳೆಯುವ ದೈತ್ಯ ತಳಿಗಳ ಆಯಸ್ಸು ಕಡಿಮೆ. ಇಂಗ್ಲೆಂಡಿನಲ್ಲಿ 2007ರಲ್ಲಿ ಸತ್ತ ಶುಗರ್ ಪಫ್ ಎಂಬ ತಟ್ಟುವಿಗೆ 56 ವರ್ಷವಾಗಿತ್ತು.

ಹಲ್ಲಿನಿಂದ ಕೆಳಗಿಳಿದರೆ ಹೊಟ್ಟೆ. ನಾನೂರೈವತ್ತು ಐನೂರು ಕಿಲೋ ತೂಗುವ ಪ್ರಾಣಿಗೆ ಜಠರ ಮಾತ್ರ ಎಂಟರಿಂದ ಹದಿನೈದು ಲೀಟರಿನಷ್ಟು. ದಿನದ ಹದಿನಾರು ಗಂಟೆ ಚೂರು ಚೂರು ಮೇಯಲೆಂದೇ ಆದ ದೇಹ ಅದು. ಮೇವು ಇರಲಿ ಬಿಡಲಿ, ಜಠರದಲ್ಲಿ ಆಮ್ಲ ಒಸರುತ್ತಲೇ ಇರುತ್ತದೆ. ನಾವು ಅದನ್ನು ಕಟ್ಟಿಹಾಕಿ ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಕಾಳು ಸುರಿಯುತ್ತೇವೆ. ಜಠರದಲ್ಲಿ ಹುಣ್ಣು, ಕರುಳಿನಲ್ಲಿ ಗಾಳಿ. ಕುದುರೆಗೆ ವಾಂತಿ ಮಾಡಲು ಬಾರದು, ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಹೊಟ್ಟೆಶೂಲೆ ಬಂದ ಕುದುರೆ ಮೊದಲು ತಿರುಗಿ ತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತದೆ, ಆಮೇಲೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ಕೊನೆಗೆ ಬಿದ್ದು ಹೊರಳುತ್ತದೆ. ಕರುಳು ತಿರುಚಿಕೊಂಡರೆ ಕೆಲವೇ ಗಂಟೆಗಳ ಮಾತು. ಕುದುರೆಗಳನ್ನು ಬಲಿ ತೆಗೆದುಕೊಳ್ಳುವ ಕಾರಣಗಳಲ್ಲಿ ಇದು ಮುಂಚೂಣಿಯಲ್ಲಿದೆ. ತಡೆಯಲು ಮಾಡಬೇಕಾದದ್ದು ತೀರ ಸಾಮಾನ್ಯ: ಸದಾ ಒಣಹುಲ್ಲು, ಸದಾ ನೀರು, ಕಾಳು ಕಡಿಮೆ, ಹೊತ್ತಿಗೆ ಸರಿಯಾಗಿ ಜಂತುನಾಶಕ. ಸಾಮಾನ್ಯವಾದದ್ದನ್ನು ದಿನಾ ಮಾಡುವುದೇ ಕಷ್ಟ ಎನ್ನುವುದು ಬೇರೆ ಮಾತು.

ಇನ್ನು ಗೊರಸು. ಗೊರಸಿನೊಳಗೆ ಮೂಳೆಯನ್ನು ಗೋಡೆಗೆ ಹಿಡಿದಿಡುವ ತೆಳು ಪದರಗಳು ಊದಿಕೊಂಡರೆ ಅದಕ್ಕೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಮೂಳೆಯ ಹಿಡಿತ ಸಡಿಲಿ ಕುದುರೆ ನಿಲ್ಲಲೂ ಆರದಂತಾಗುತ್ತದೆ. 1973ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್ ಗೆದ್ದ, ಬೆಲ್ಮಾಂಟ್ ರೇಸನ್ನು 31 ಕುದುರೆಯುದ್ದದ ಅಂತರದಲ್ಲಿ ಮುಗಿಸಿದ ಸೆಕ್ರೆಟೇರಿಯಟ್ ಎಂಬ ಕುದುರೆ ಸತ್ತದ್ದು ಇದರಿಂದಲೇ, 1989ರಲ್ಲಿ, ಬರೇ 19ನೇ ವಯಸ್ಸಿನಲ್ಲಿ. ಕಾಲು ಮುರಿದ ಕುದುರೆಯನ್ನು ಯಾಕೆ ಉಳಿಸಿಕೊಳ್ಳುವುದಿಲ್ಲ ಎಂದು ಜನ ಕೇಳುತ್ತಾರೆ. ಉತ್ತರ ಇಲ್ಲಿದೆ. 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬರೊ ಎರಡೇ ವಾರದಲ್ಲಿ ಮುಂದಿನ ರೇಸಿನಲ್ಲಿ ಹಿಂಗಾಲು ಮುರಿದುಕೊಂಡಿತು. ದುಡ್ಡಿಗೆ ಕೊರತೆಯಿರಲಿಲ್ಲ, ಒಳ್ಳೆಯ ಶಸ್ತ್ರವೈದ್ಯರಿದ್ದರು, ಮೂಳೆ ಕೂಡಲೂ ತೊಡಗಿತ್ತು. ಆದರೆ ಒಂದು ಕಾಲಿನ ಭಾರ ಉಳಿದವುಗಳ ಮೇಲೆ ಬಿದ್ದು ಲ್ಯಾಮಿನೈಟಿಸ್ ಶುರುವಾಯಿತು. 2007ರ ಜನವರಿ 29ರಂದು ಅದಕ್ಕೆ ದಯಾಮರಣ ಕೊಟ್ಟರು.

ನಮ್ಮ ಹವೆಯೂ ಲೆಕ್ಕಕ್ಕೆ ಸೇರುತ್ತದೆ. ಒಣ ನಾಡಿನಿಂದ ಸೆಕೆಯ ಸೀಮೆಗೆ ತಂದ ಕೆಲವು ಕುದುರೆಗಳು ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಬೆವರದ ಕುದುರೆ ಓಡಿದರೆ ಒಳಗೇ ಬೇಯುತ್ತದೆ. ಕಚ್ಚುವ ನೊಣಗಳು ಹರಡುವ ಸರ್ರಾ ರೋಗ ಇನ್ನೊಂದು. ಅದಕ್ಕೆ ಕಾರಣವಾದ ರಕ್ತದ ಪರೋಪಜೀವಿಯನ್ನು ಗ್ರಿಫಿತ್ ಇವಾನ್ಸ್ 1880ರಲ್ಲಿ ಕಂಡುಹಿಡಿದದ್ದು ಅಂದಿನ ಭಾರತದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ. ವಿಜಯನಗರದ ದೊರೆಗಳು ಎಣಿಸಿಕೊಟ್ಟ ಹಣದಲ್ಲಿ ಎಷ್ಟು ಪಾಲು ಇಂಥವಕ್ಕೆ ಸಂದಾಯವಾಯಿತೋ! ಕನ್ನಡದವರು ಸುಮ್ಮನೆ ಕೂರಲಿಲ್ಲ ಅನ್ನಿ. 17ನೇ ಶತಮಾನದ ಮೊದಲ ಭಾಗದಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತ ಹಯಸಾರ ಸಮುಚ್ಚಯ ಎಂಬ ಅಶ್ವವೈದ್ಯದ ಗ್ರಂಥ ಬರೆದ. ಟಿಪ್ಪುವಿನ ಕಾಲಕ್ಕೆ ಕುಣಿಗಲ್‌ನಲ್ಲಿ ಸೈನ್ಯಕ್ಕೆ ಕುದುರೆ ಸಾಕುವ ಕೆಲಸ ನಡೆದಿತ್ತು. ಅದೇ ನೆಲದಲ್ಲಿ ಮುಂದೆ ರೇಸಿನ ಥರೋಬ್ರೆಡ್ ಕುದುರೆಗಳು ಬೆಳೆದವು.

ರೇಸಿನ ಕುದುರೆಯ ಲೆಕ್ಕವೇ ವಿಚಿತ್ರ. ಜನವರಿಯಲ್ಲಿ ಹುಟ್ಟಿರಲಿ, ಏಪ್ರಿಲ್‌ನಲ್ಲಿ ಹುಟ್ಟಿರಲಿ, ಎಲ್ಲಕ್ಕೂ ಜನವರಿ 1ರಂದೇ ಒಂದು ವರ್ಷ ಕೂಡಿಸುತ್ತಾರೆ. ಎರಡು ವರ್ಷಕ್ಕೆ ಓಟ ಶುರು. ಬೆನ್ನುಮೂಳೆಯ ಬೆಳವಣಿಗೆ ನಿಲ್ಲುವುದು ಐದಾರು ವರ್ಷಕ್ಕೆ. ಎಷ್ಟೋ ಕುದುರೆಗಳು ಓಟ ನಿಲ್ಲಿಸುವುದೂ ಆಗಲೇ. ಹದವಾದ ಓಟ ಎಳೆ ಮೂಳೆಯನ್ನು ಗಟ್ಟಿ ಮಾಡುತ್ತದೆ ಎನ್ನುವ ತರಬೇತುದಾರರ ಮಾತಿನಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ನನ್ನ ತಕರಾರು ಓಟದ ಬಗ್ಗೆ ಅಲ್ಲ, ಓಟ ಮುಗಿದ ಮೇಲಿನ ಇಪ್ಪತ್ತು ವರ್ಷದ ಬಗ್ಗೆ. ಒಳ್ಳೆಯ ಹೆಣ್ಣು ಕುದುರೆ ಮರಿ ಹಾಕಲು ಸ್ಟಡ್ ಫಾರ್ಮಿಗೆ ಹೋಗುತ್ತದೆ, ಗೆದ್ದ ಗಂಡೂ ಹೋಗುತ್ತದೆ. ಬೀಜ ಒಡೆಸಿದ್ದು? ಅದೃಷ್ಟವಿದ್ದರೆ ಪೊಲೀಸ್ ಪಡೆ, ಸವಾರಿ ಶಾಲೆ. ಇಲ್ಲದಿದ್ದರೆ ಮದುವೆ ಮೆರವಣಿಗೆ, ಬೀಚಿನ ಸವಾರಿ, ಟಾಂಗಾ. ಕೈಯಿಂದ ಕೈಗೆ ದಾಟಿದಂತೆಲ್ಲ ಬೆಲೆ ಇಳಿಯುತ್ತದೆ. ಬೆಲೆ ಇಳಿದಂತೆ ಮೇವೂ ಇಳಿಯುತ್ತದೆ. ದಿನದ ದುಡಿಮೆಯಲ್ಲಿ ಮನೆಯನ್ನೂ ಕುದುರೆಯನ್ನೂ ಸಾಕಬೇಕಾದ ಟಾಂಗಾದವನನ್ನು ಇದಕ್ಕೆ ದೂರಿ ಪ್ರಯೋಜನವಿಲ್ಲ. ಅವನು ಆ ಸಾಲಿನ ಕೊನೆಯವನು, ಮೊದಲಿಗನಲ್ಲ.

ಬಹಳ ವರ್ಷ ಬದುಕಿತು ಎಂದ ಮಾತ್ರಕ್ಕೆ ಚೆನ್ನಾಗಿ ಬದುಕಿತು ಎಂದೇನೂ ಅಲ್ಲ. 1930ರಲ್ಲಿ ಕೈರೊಗೆ ಬಂದ ಡೊರೊಥಿ ಬ್ರೂಕ್ ಎಂಬ ಸೇನಾಧಿಕಾರಿಯ ಪತ್ನಿ ಅಲ್ಲಿನ ಬೀದಿಗಳಲ್ಲಿ ಮೂಳೆ ಚಕ್ಕಳವಾದ ಗಾಡಿ ಕುದುರೆಗಳನ್ನು ಕಂಡರು. ಮೈಮೇಲೆ ಬ್ರಿಟಿಷ್ ಸೇನೆಯ ಮುದ್ರೆ ಇತ್ತು. ಮೊದಲ ಮಹಾಯುದ್ಧ ಮುಗಿದಾಗ ಊರಿಗೆ ಒಯ್ಯುವುದು ದುಬಾರಿ ಎಂದು ಸೇನೆ ಅಲ್ಲೇ ಮಾರಿದ್ದ ಕುದುರೆಗಳವು. ಎಲ್ಲಕ್ಕೂ ಇಪ್ಪತ್ತು ದಾಟಿತ್ತು, ದುಡಿಯುತ್ತಲೇ ಇದ್ದವು. ಬ್ರೂಕ್ 1931ರಲ್ಲಿ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಕಾಗದ ಬರೆದರು, ಹಣ ಬಂತು, ಕೆಲವೇ ವರ್ಷಗಳಲ್ಲಿ ಸುಮಾರು 5,000 ಕುದುರೆ ಕೊಂಡರು. ಬಹುಪಾಲು ಕುದುರೆಗಳಿಗೆ ಕೆಲವು ದಿನ ಹೊಟ್ಟೆ ತುಂಬ ಮೇವು, ಮಲಗಲು ಮೆತ್ತನೆ ಹುಲ್ಲು ಕೊಟ್ಟು ನೋವಿಲ್ಲದೆ ಕಳಿಸಿಕೊಟ್ಟರು. ಅದರಲ್ಲಿ ಕ್ರೌರ್ಯ ಕಾಣುವವರಿದ್ದಾರೆ, ನನಗೆ ಕಾಣುವುದಿಲ್ಲ.

ಅದೇ ಸೇನೆಯ ಇನ್ನೊಂದು ಕುದುರೆ ವೆಲ್ಲಿಂಗ್ಟನ್‌ನ ಕೋಪನ್‌ಹೇಗನ್. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲ್ಲಿಂಗ್ಟನ್ ಆದವನು. ವಾಟರ್ಲೂ ಯುದ್ಧದ ದಿನವಿಡೀ ಅವನನ್ನು ಹೊತ್ತ ಈ ಕುದುರೆ ಎಸ್ಟೇಟಿನಲ್ಲಿ ಮೇದುಕೊಂಡು, ಮನೆಯವರ ಕೈಯಿಂದ ಬ್ರೆಡ್ಡು ತಿಂದುಕೊಂಡು 1836ರವರೆಗೆ, 28 ವರ್ಷ ಬಾಳಿತು. ಕೈರೊದ ಕುದುರೆಗಳಿಗೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸ ತಳಿಯದಲ್ಲ, ದೇಹದ್ದಲ್ಲ. ಇದಕ್ಕೆ ಇದ್ದದ್ದು ಕೆಲಸ ಮುಗಿದ ಮೇಲೂ ಮೇವಿನ ಖರ್ಚು ಹೊರುವ ಒಬ್ಬ ಯಜಮಾನ.

ಕುದುರೆ ಕೊಳ್ಳುವ ಆಸೆಯುಳ್ಳವರು, ಈಗ ಊರೂರಿನ ತೋಟದ ಮನೆಗಳಲ್ಲಿ ಅಂಥವರು ಹೆಚ್ಚುತ್ತಿದ್ದಾರೆ, ಎಂಟು ವರ್ಷದ ಕುದುರೆಯ ಬೆಲೆ ಕೇಳುವಾಗ ಜೊತೆಗೆ ಇಪ್ಪತ್ತು ವರ್ಷದ ಹುಲ್ಲು, ಆರೆಂಟು ವಾರಕ್ಕೊಮ್ಮೆ ಲಾಳದವನ ಕೂಲಿ, ವರ್ಷಕ್ಕೊಮ್ಮೆ ಹಲ್ಲನ್ನು ಅರದಿಂದ ಉಜ್ಜಿ ಸಮ ಮಾಡುವ ವೈದ್ಯರ ಶುಲ್ಕ ಕೂಡಿ ನೋಡಲಿ. ಕೂಡಿಬರದಿದ್ದರೆ ಕೊಳ್ಳುವುದು ಬೇಡ. ರೇಸ್ ನಡೆಸುವ ಕ್ಲಬ್‌ಗಳು ಪ್ರತಿ ಬಹುಮಾನದಿಂದಲೂ ಒಂದು ಪಾಲನ್ನು ಓಟ ನಿಲ್ಲಿಸಿದ ಕುದುರೆಗಳ ಮೇವಿಗೆ ಕಡ್ಡಾಯವಾಗಿ ಎತ್ತಿಡಬೇಕು, ಯಾವ ಕುದುರೆ ಯಾರ ಕೈಸೇರಿತು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು.