ಹಾಲು, ಮೊಟ್ಟೆ, ಮಾಂಸ ಕೆಲವು ಮಕ್ಕಳಿಗೆ ಏಕೆ ಆಗದು?

ಮಗು ಸೊರಗಿದರೆ ಮನೆಯ ಹಿರಿಯರು ಹೇಳುವುದು ಒಂದೇ: ಹಾಲು ಕೊಡು, ಮೊಟ್ಟೆ ಕೊಡು, ಮಾಂಸದ ಸಾರು ಕುಡಿಸು. ಒಳ್ಳೆಯ ಮಾತೇ. ಆದರೆ ಇದೇ ಪೌಷ್ಟಿಕ ಆಹಾರದಿಂದ ಮಿದುಳಿಗೆ ಹಾನಿಯಾಗುವ ಮಕ್ಕಳೂ ಇದ್ದಾರೆ. ಅವರಿಗಿರುವ ವಂಶವಾಹಿ ಕಾಯಿಲೆಯ ಹೆಸರು ಫೀನೈಲ್‌ಕೀಟೋನೂರಿಯಾ, ಚಿಕ್ಕದಾಗಿ ಪಿಕೆಯು.

ನಾವು ತಿಂದ ಪ್ರೋಟೀನನ್ನು ಜಠರ ಮತ್ತು ಕರುಳು ಅಮೈನೊ ಆಮ್ಲಗಳಾಗಿ ಒಡೆದು ರಕ್ತಕ್ಕೆ ಸೇರಿಸುತ್ತವೆ. ಅವುಗಳಲ್ಲೊಂದು ಫೀನೈಲ್‌ಅಲನೈನ್. ಅದನ್ನು ಬೇರೆ ರೂಪಕ್ಕೆ ಬದಲಾಯಿಸುವ ಕಿಣ್ವ ಯಕೃತ್ತಿನಲ್ಲಿದೆ. ಈ ಮಕ್ಕಳಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ. ಫೀನೈಲ್‌ಅಲನೈನ್ ರಕ್ತದಲ್ಲಿ ಹೆಚ್ಚುತ್ತಾ ಹೋಗಿ ಬೆಳೆಯುತ್ತಿರುವ ಮಿದುಳನ್ನು ಕೆಡಿಸುತ್ತದೆ. ಹುಟ್ಟಿದಾಗ ಮಗು ಆರೋಗ್ಯವಾಗಿಯೇ ಕಾಣುತ್ತದೆ. ಕೆಲವು ತಿಂಗಳಾದ ಮೇಲೆ ಬೆಳವಣಿಗೆ ಹಿಂದೆ ಬೀಳುತ್ತದೆ, ಫಿಟ್ಸ್ ಬರಬಹುದು, ಮೂತ್ರಕ್ಕೆ ಒಂದು ಬಗೆಯ ಮುಗ್ಗಲು ವಾಸನೆ ಇರುತ್ತದೆ.

ಇದನ್ನು ಮೊದಲು ಗುರುತಿಸಿದವರು ನಾರ್ವೆಯ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್, 1934ರಲ್ಲಿ. ಇಬ್ಬರು ಮಕ್ಕಳ ಆ ವಾಸನೆ ಏಕೆಂದು ಒಬ್ಬ ತಾಯಿ ವೈದ್ಯರಿಂದ ವೈದ್ಯರಿಗೆ ಅಲೆದು ಕೊನೆಗೆ ಅವರ ಬಳಿ ಬಂದಿದ್ದಳು. ಚಿಕಿತ್ಸೆ ಸಿಕ್ಕಿದ್ದೂ ಇನ್ನೊಬ್ಬ ತಾಯಿಯ ಹಟದಿಂದಲೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಕೆ ವೈದ್ಯ ಹಾರ್ಸ್ಟ್ ಬಿಕೆಲ್ ಅವರನ್ನು ಬಿಡದೆ ಕಾಡಿದಳು. ಬಿಕೆಲ್ ಮತ್ತು ಅವರ ಸಂಗಡಿಗರು ಫೀನೈಲ್‌ಅಲನೈನ್ ತೆಗೆದ ಆಹಾರ ತಯಾರಿಸಿ ಆಕೆಯ ಎರಡು ವರ್ಷದ ಮಗಳಿಗೆ ಕೊಟ್ಟರು. ಮಗು ತೆವಳತೊಡಗಿತು, ನಿಂತಿತು. ಅದೇ ವಸ್ತುವನ್ನು ಮತ್ತೆ ಆಹಾರದಲ್ಲಿ ಬೆರೆಸಿದಾಗ ಕಲಿತದ್ದೆಲ್ಲ ಬೇಗ ಹಿಂದೆ ಸರಿಯಿತು. 1953ರಲ್ಲಿ ಇದು ಪ್ರಕಟವಾಯಿತು.

ಆದರೆ ಆದ ಹಾನಿ ಪೂರ್ತಿ ಸರಿಹೋಗುವುದಿಲ್ಲ. ಆದ್ದರಿಂದ ಪಥ್ಯ ಹುಟ್ಟಿದ ಮೊದಲ ದಿನಗಳಲ್ಲೇ ಶುರುವಾಗಬೇಕು. ಮಗು ಹಾಲು ಕುಡಿಯತೊಡಗಿ ಒಂದೆರಡು ದಿನವಾದ ಮೇಲೆ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದರೆ ಸಾಕು. ನಮ್ಮಲ್ಲಿ ಎಲ್ಲ ಆಸ್ಪತ್ರೆಗಳೂ ತಾವಾಗಿಯೇ ಈ ಪರೀಕ್ಷೆ ಮಾಡುವುದಿಲ್ಲ. ಹೆರಿಗೆಗೆ ಮೊದಲೇ ಕೇಳಿಡಿ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರಂತೂ ಮರೆಯಬಾರದು. ತಂದೆ ತಾಯಿ ಇಬ್ಬರಲ್ಲೂ ದೋಷವಿರುವ ವಂಶವಾಹಿಯ ಒಂದೊಂದು ಪ್ರತಿ ಇದ್ದರೆ, ಅವರು ಆರೋಗ್ಯವಾಗಿದ್ದರೂ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಿಂದಲೂ ಬರಬೇಕಾದ ಕಾಯಿಲೆಗೆ ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ ಮಾತ್ರವಲ್ಲ, ಸುಳ್ಳು ಕೂಡ.

ಪಥ್ಯ ಸುಲಭವಲ್ಲ. ಮಾಂಸ, ಮೀನು, ಮೊಟ್ಟೆ, ಬೇಳೆ, ಬಾದಾಮಿ ಬೇಡ. ಅನ್ನವೂ ಅಳತೆಯಲ್ಲಿ. ಎದೆಹಾಲನ್ನು ಪೂರ್ತಿ ಬಿಡಿಸಬೇಕೆಂದಿಲ್ಲ, ವೈದ್ಯರು ಹೇಳಿದಷ್ಟು ಕೊಡಬಹುದು. ಪ್ರೋಟೀನಿಗೆ ವಿಶೇಷ ಪುಡಿ ಇದೆ, ದುಬಾರಿ. ‘ಸಕ್ಕರೆ ರಹಿತ’ ಪಾನೀಯಗಳಲ್ಲಿರುವ ಆಸ್ಪರ್ಟೇಮ್‌ನಲ್ಲೂ ಫೀನೈಲ್‌ಅಲನೈನ್ ಇದೆ, ಲೇಬಲ್ ಓದಿ.

ಇದನ್ನೋದಿ ಬೇರೆ ಕಾಯಿಲೆಯ ಮಕ್ಕಳಿಗೂ ಪಥ್ಯ ಹಿಡಿಸಬೇಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಮಲಬದ್ಧತೆ ಹೆಚ್ಚು. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯೂ ಇತರರಿಗಿಂತ ಹೆಚ್ಚು. ಮಾತು ಬಾರದ ಮಗು ಹೊಟ್ಟೆನೋವನ್ನು ಹಟದಿಂದ, ಅಳುವಿನಿಂದ ತೋರಿಸೀತು. ಹೊಟ್ಟೆಗೆ ಚಿಕಿತ್ಸೆ ಮಾಡಿಸಿ, ಮಗು ಹಗುರಾಗುತ್ತದೆ. ಕ್ರೋಮೋಸೋಮನ್ನು ಮಾತ್ರ ಯಾವ ಪಥ್ಯವೂ ಬದಲಿಸದು. ಪರೀಕ್ಷೆ ಇಲ್ಲದೆ ಗೋಧಿ, ಹಾಲು ನಿಲ್ಲಿಸಿದರೆ ಮಗು ಸೊರಗುತ್ತದೆ ಅಷ್ಟೆ.

ಪಿಕೆಯು ಇರುವ ಹೆಣ್ಣುಮಕ್ಕಳ ಬಗ್ಗೆ ಇನ್ನೊಂದು ಮಾತು. ದೊಡ್ಡವಳಾದಳೆಂದು ಪಥ್ಯ ಬಿಡಿಸಬೇಡಿ. ಮದುವೆಯಾಗಿ ಬಸಿರಾಗುವ ಮೊದಲೇ ಅವಳ ರಕ್ತದಲ್ಲಿ ಫೀನೈಲ್‌ಅಲನೈನ್ ಹಿಡಿತದಲ್ಲಿರಬೇಕು. ಇಲ್ಲವಾದರೆ ಹೊಟ್ಟೆಯಲ್ಲಿರುವ ಕೂಸಿಗೆ ಈ ಕಾಯಿಲೆ ಇಲ್ಲದಿದ್ದರೂ ಅದರ ಮಿದುಳು, ಹೃದಯಕ್ಕೆ ಹಾನಿಯಾಗಬಹುದು.